ಮೈಗೆ ಹತ್ತಿದ ನೀರು

ಆಸ್ಪತ್ರೆಯ ಮೆಟ್ಟಿಲು ಒಟ್ಟು ಹದಿನಾಲ್ಕು. ಎಂಟನೆಯದರ ಮೇಲೆ ಟೈಲರ್ ಮಾಸ್ಟರ್ ನಿಂತುಬಿಟ್ಟರು. ನಿಂತದ್ದು ಉಸಿರಿಗಾಗಿ ಎಂದು ಯಾರಿಗೂ ಅನ್ನಿಸಬಾರದಲ್ಲ, ಗೋಡೆಗೆ ಅಂಟಿಸಿದ್ದ ನೋಟಿಸನ್ನು ಕನ್ನಡಕ ಸರಿಮಾಡಿಕೊಂಡು ಓದತೊಡಗಿದರು. ಗರ್ಭಿಣಿಯರು ಯಾವ ಯಾವ ತಿಂಗಳಲ್ಲಿ ಬಂದು ತೋರಿಸಿಕೊಳ್ಳಬೇಕು ಎನ್ನುವ ನೋಟಿಸು ಅದು. ಅರವತ್ತೊಂಬತ್ತರ ಗಂಡಸೊಬ್ಬ ಅದನ್ನು ಅಷ್ಟು ಶ್ರದ್ಧೆಯಿಂದ ಓದುತ್ತಿರುವುದನ್ನು ಕಂಡು, ಇಳಿದುಬರುತ್ತಿದ್ದ ಇಬ್ಬರು ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ದಾಟಿಹೋದರು. ಹೋಗಲಿ, ನಕ್ಕರೆ ನಮ್ಮ ಗಂಟೇನು ಹೋಯಿತು. ಮೇಲಿನ ಮೆಟ್ಟಿಲಲ್ಲಿ ಫೈಲನ್ನು ಎದೆಗವಚಿಕೊಂಡು ನಿಂತ ಹೆಂಡತಿ ತಿರುಗಿ ನೋಡಿದಳು. ಅಕ್ಷರ ದಪ್ಪ ಇದೆ, ಓದೋಕೆ ಸುಖ, ಎಂದು ಮಾಸ್ಟರ್ ನಗೆಯಾಡಿದರು. ಅವಳೂ ನಕ್ಕಳು. ಈಚೆಗೆ ಅವಳಿಗೆ ಏನು ಹೇಳಿದರೂ ನಗು ಬರುತ್ತದೆ. ಆ ನಗು ಕಂಡಾಗಲೆಲ್ಲ ಮಾಸ್ಟರ್‌ಗೆ ಹೊಟ್ಟೆ ತಣ್ಣಗಾಗುತ್ತದೆ. ಜೊತೆಗೇ, ಮುರಿದ ಸೂಜಿಯ ತುದಿ ಬಟ್ಟೆಯೊಳಗೆ ಉಳಿದುಹೋದ ಹಾಗೆ ಎಲ್ಲೋ ಒಂದು ಕಡೆ ಚುಚ್ಚುತ್ತದೆ.

ಹಾಗೆ ನೋಡಿದರೆ ಇವತ್ತಿನ ದಿನಕ್ಕೆ ಏನು ಕಡಿಮೆಯಾಗಿತ್ತು? ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ಎಳೆಬಿಸಿಲು ಮಂಡಿಯ ಮೇಲೆ ಬಿದ್ದು ಬೆಚ್ಚಗಾಗಿತ್ತು. ಎರಡು ಸೀಟು ಮುಂದೆ ನಿಂತಿದ್ದ ಬ್ಯಾಂಕಿನವನೊಬ್ಬನ ಕೋಟನ್ನು ಬೆನ್ನ ಕಡೆಯಿಂದ ನೋಡಿಯೇ, ಇದು ತಾನು ಕತ್ತರಿಸಿದ್ದು, ಹನ್ನೊಂದು ವರ್ಷವಾಯಿತು, ಎಂದು ಗುರುತು ಹಿಡಿದಿದ್ದರು; ಭುಜ ಒಂದು ಕೂದಲಷ್ಟೂ ಇಳಿದಿರಲಿಲ್ಲ. ಹೆಂಡತಿಯನ್ನು ಮೊಣಕೈಯಿಂದ ತಿವಿದು ತೋರಿಸಿದರೆ ಅವಳು ತೋಳಿನ ತುದಿಯನ್ನಷ್ಟೇ ನೋಡಿ, ಗುಂಡಿ ಬದಲಾಯಿಸಿಬಿಟ್ಟಿದ್ದಾನೆ ದರಿದ್ರದವನು, ಎಂದಿದ್ದಳು. ಮೂವತ್ತಾರು ವರ್ಷದಿಂದ ಇಬ್ಬರೂ ಒಂದೇ ಮೇಜಿನ ಆ ಬದಿ ಈ ಬದಿ ಕೂತವರು. ಅಳತೆ, ಕತ್ತರಿ, ಮಿಷನ್ ಇವರದು. ಕಾಜ, ಗುಂಡಿ, ಅಂಚು ಮಡಿಚಿ ಕೈಹೊಲಿಗೆ ಹಾಕುವುದು ಅವಳದು. ಇವರ ಹೊಲಿಗೆ ಅಂಗಡಿಯಿರುವ ಐದು ಅಂಗಡಿಗಳ ಸಾಲಿನಲ್ಲಿ ಇವರಿಗೆ ಬೇರೆ ಹೆಸರೇ ಇಲ್ಲ, ಮಾಸ್ಟರ್ ಎಂದರೆ ಮುಗಿಯಿತು. ಅಂಥ ಮನುಷ್ಯ ಬಸ್ಸಿನಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತ, ಹೃದಯದ ವಿಭಾಗದ ನರ್ಸಮ್ಮನಿಗೆ ಹೇಳಬೇಕಾದ ಸುಳ್ಳಿನ ಟ್ರಯಲ್ ನೋಡುತ್ತಿದ್ದರು. ಪೂರ್ತಿ ಸುಳ್ಳೂ ಅಲ್ಲ ಅದು. ಕಾಲು ಭಾಗ ನಿಜ, ಮುಕ್ಕಾಲು ಭಾಗ ಕೈಚಳಕ.

ಎಂಟು ತಿಂಗಳ ಹಿಂದೆ ಇದೇ ಆಸ್ಪತ್ರೆಯಲ್ಲಿ ಹತ್ತು ದಿನ ಮಲಗಿದ್ದರು. ಮಲಗಿದ್ದರು ಎನ್ನುವುದೂ ತಪ್ಪು, ಮಲಗಿದರೆ ಉಸಿರು ಕಟ್ಟುತ್ತಿತ್ತು, ಕೂತಿದ್ದರು. ಕಾಲು ಊದಿ ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತುಹೋಗಿತ್ತು. ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: ಗುಂಡಿಗೆಗೆ ಮೊದಲಿನ ಕಸುವಿಲ್ಲ, ರಕ್ತ ಒತ್ತಿ ಕಳಿಸುವುದು ಅದಕ್ಕೆ ಸಾಲದಾಗಿದೆ, ಹಾಗಾಗಿ ನೀರು ಮೈಯಲ್ಲೇ ನಿಲ್ಲುತ್ತದೆ, ಕಾಲಲ್ಲಿ, ಹೊಟ್ಟೆಯಲ್ಲಿ, ಕೊನೆಗೆ ಶ್ವಾಸಕೋಶದಲ್ಲಿ. ಇಂಜೆಕ್ಷನ್ ಕೊಟ್ಟು ಆ ನೀರನ್ನೆಲ್ಲ ಬಸಿದು ತೆಗೆದ ಮೇಲೆ ಒಳಗಿದ್ದ ಮನುಷ್ಯ ಕಂಡ: ಬರೀ ಎಲುಬಿನ ಗೂಡು. ಮನೆಗೆ ಬಂದ ಮೊದಲ ದಿನ ಸ್ನಾನ ಮಾಡಿಸುವಾಗ ಹೆಂಡತಿ ಬೆನ್ನ ಮೇಲೆ ಕೈಯಿಟ್ಟವಳು ಹಾಗೇ ನಿಂತುಬಿಟ್ಟಿದ್ದಳು. ಏನೇ, ಪಕ್ಕೆಲುಬು ಎಣಿಸ್ತಿದೀಯಾ, ಎಂದು ತಮಾಷೆಗೆ ಕೇಳಿ ತಿರುಗಿದರೆ ಅವಳ ಮುಖ ನೋಡುವ ಹಾಗಿರಲಿಲ್ಲ. ದಿನಾ ಬೆಳಗ್ಗೆ ಒಂದು ಬಿಳಿ ಮಾತ್ರೆ ಎಂದು ಬರೆದುಕೊಟ್ಟಿದ್ದರು. ಮನೆಯಲ್ಲಿ ಅದಕ್ಕೆ ನೀರಿನ ಮಾತ್ರೆ ಎಂದು ಹೆಸರು. ಉಪ್ಪು ಕಮ್ಮಿ, ಕುಡಿಯುವ ನೀರೂ ಲೆಕ್ಕದಲ್ಲಿ, ಆದರೆ ಈ ಮಾತ್ರೆ ಮಾತ್ರ ಜೀವ ಇರುವವರೆಗೂ ಬಿಡಬಾರದು.

ಮಾತ್ರೆ ತನ್ನ ಕೆಲಸದಲ್ಲಿ ಬಲು ನಿಯತ್ತಿನದು. ನುಂಗಿ ಅರ್ಧ ಗಂಟೆಗೆ ಶುರುವಾದರೆ ಊಟದ ಹೊತ್ತಿನವರೆಗೂ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎದ್ದು ಓಡಬೇಕು. ಓಡುವುದಾದರೂ ಎಲ್ಲಿಗೆ? ಐದೂ ಅಂಗಡಿಗೆ ಸೇರಿ ಹಿಂಭಾಗದಲ್ಲಿ ಒಂದೇ ಟಾಯ್ಲೆಟ್ಟು, ಅದರ ಬೀಗದ ಕೈ ಕನ್ನಡಕದಂಗಡಿಯ ಗೋಡೆಯ ಮೊಳೆಯಲ್ಲಿ. ಕನ್ನಡಕದವನು ಕೆಟ್ಟವನಲ್ಲ, ಆದರೆ ಗಿರಾಕಿಯ ಕಣ್ಣಿಗೆ ಗಾಜು ಹಿಡಿದಿರುವಾಗಲೇ, ಬನ್ನಿ ಮಾಸ್ಟರ್, ಇದು ಎಷ್ಟನೇ ಸಲ, ಎಂದು ಗಟ್ಟಿಯಾಗಿ ಕೇಳುವ ಚಟ ಅವನಿಗೆ. ಒಂದು ದಿನ ಮಾಸ್ಟರ್ ಗಿರಾಕಿಯೊಬ್ಬನ ಕಾಲಿನ ಅಳತೆ ಹಿಡಿದು ಮಂಡಿಯೂರಿ ಕೂತಿದ್ದಾಗ ಒತ್ತಿಕೊಂಡು ಬಂತು. ಟೇಪು ಅಲ್ಲೇ ಬಿಟ್ಟು ಓಡಿದರೆ ಮೊಳೆ ಖಾಲಿ. ಇನ್ಯಾರೋ ಬೀಗದ ಕೈ ಒಯ್ದಿದ್ದರು. ವಾಪಸು ಅಂಗಡಿಯೊಳಗೆ ಬರುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಇಸ್ತ್ರಿಗೆ ಚಿಮುಕಿಸುವ ನೀರಿನ ತಂಬಿಗೆಯನ್ನು ತಾವೇ ತೊಡೆಯ ಮೇಲೆ ಕೆಡವಿಕೊಂಡರು. ವಯಸ್ಸಾಯ್ತು, ಕೈಯಲ್ಲಿ ಹಿಡಿತ ಇಲ್ಲ, ಎಂದು ಹೆಂಡತಿ ಗಿರಾಕಿಯ ಎದುರಿಗೇ ಗೊಣಗುತ್ತ ನೆಲ ಒರೆಸಿದಳು. ಅವಳು ಹಾಗೆ ಬೈದದ್ದು ಎಷ್ಟು ಹಾಯೆನಿಸಿತೆಂದರೆ, ಇನ್ನೆರಡು ಮಾತು ಜಾಸ್ತಿ ಬೈಯಬಾರದಿತ್ತೇ ಎನ್ನಿಸಿತು. ಮಾರನೆಯ ಬೆಳಗ್ಗೆ ಮಾತ್ರೆ ಬಾಯಿಗೆ ಹೋಗಲಿಲ್ಲ, ಪ್ಯಾಂಟಿನ ಕಳ್ಳಜೇಬಿಗೆ ಹೋಯಿತು. ಅಲ್ಲಿಂದ ದಾರಿಯ ಮೋರಿಗೆ. ಅಂಗಡಿಗೆ ರಜೆಯಿರುವ ದಿನ ಮಾತ್ರ ನುಂಗುವುದು ಎಂದು ತಮ್ಮಷ್ಟಕ್ಕೆ ತಾವೇ ಒಂದು ಕಾನೂನು ಮಾಡಿಕೊಂಡರು. ವಾರಕ್ಕೆ ಏಳು ಇದ್ದದ್ದು ಒಂದಾಗಿ ಈಗ ಆರು ವಾರ ಕಳೆದಿತ್ತು.

ನರ್ಸಮ್ಮ ಬಿಡದೆ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಮನೆಗೊಂದು ತೂಕದ ಯಂತ್ರ ತಂದುಕೊಳ್ಳಿ, ಎರಡು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು, ಎಂದು ಶುರುವಿನಲ್ಲೇ ಹೇಳಿದ್ದಳು. ತರೋಣ ತರೋಣ ಎಂದು ಮಾಸ್ಟರ್ ದಿನ ದೂಡಿದರು. ಹೋಗಲಿ, ನೀವು ಟೈಲರ್ ಅಲ್ಲವೇ, ನಿಮ್ಮ ಪ್ಯಾಂಟಿನ ಸೊಂಟವೇ ನಿಮಗೆ ತಕ್ಕಡಿ, ಅದು ಬಿಗಿಯಾದ ದಿನವೇ ನನಗೆ ತಿಳಿಸಿ, ಎಂದಳು. ಪಾಪ, ಬೇರೆ ಯಾರಿಗಾದರೂ ಅದು ಒಳ್ಳೆಯ ಉಪಾಯವೇ. ಪ್ಯಾಂಟು ಬಿಗಿಯಾದರೆ ಲೋಕದ ಜನ ಸಂಕಟಪಡುತ್ತಾರೆ. ಟೈಲರ್ ಲೂಸ್ ಮಾಡಿಕೊಳ್ಳುತ್ತಾನೆ. ಒಂದು ಮಧ್ಯಾಹ್ನ ಗಿರಾಕಿಯಿಲ್ಲದ ಹೊತ್ತಿನಲ್ಲಿ, ಇಸ್ತ್ರಿಗೆಂದು ತಂದಿಟ್ಟಿದ್ದ ತಮ್ಮ ಬೂದು ಪ್ಯಾಂಟು ಕೈಗೆ ಸಿಕ್ಕಿತು. ಸೊಂಟದ ಹಿಂಬದಿಯ ಹೊಲಿಗೆ ಬಿಚ್ಚಿ, ಮಾರ್ಜಿನ್ ಎಂದು ಒಳಗೆ ಬಿಟ್ಟಿದ್ದ ಹೆಚ್ಚಿನ ಬಟ್ಟೆಯಲ್ಲಿ ಒಂದು ಬೆರಳಗಲ ಹೊರಗೆ ತಂದು, ಮಿಷನ್ ಓಡಿಸಿ, ದಾರ ಕಡಿದು ಮಡಿಚಿಟ್ಟ ಮೇಲೆಯೇ ತಾನೇನು ಮಾಡಿದೆ ಎಂದು ಗೊತ್ತಾದದ್ದು. ನಿಜವಾಗಿಯೂ ಆಮೇಲೆಯೇ ಗೊತ್ತಾಯಿತೇ? ಕೈಗೆ ಗೊತ್ತಿತ್ತು, ತನಗೆ ಗೊತ್ತಿರಲಿಲ್ಲ ಎನ್ನೋಣವೆಂದರೆ, ಕೈಯೇನು ಪಕ್ಕದ ಮನೆಯವರದೇ? ಆ ವಾರ ನರ್ಸಮ್ಮ ಕೇಳಿದಾಗ, ಬಿಗಿಯೆಲ್ಲಿ ಬಂತಮ್ಮ, ಹೇಳಿ ಹೊಲಿಸಿದ ಹಾಗಿದೆ, ಎಂದರು. ಅವಳು ಖುಷಿಪಟ್ಟು, ನಿಮ್ಮಂಥ ಪೇಷೆಂಟು ಹತ್ತು ಜನ ಸಿಕ್ಕರೆ ನನ್ನ ಕೆಲಸ ಅರ್ಧ ಆಗುತ್ತೆ ಮಾಸ್ಟರ್, ಎಂದು ಹೊಗಳಿದಳು. ಹೊಗಳಿಕೆ ಕೇಳಿ ಮಾಸ್ಟರ್‌ಗೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೆ ಸ್ವಲ್ಪ ಖುಷಿಯೂ ಆಯಿತು, ಯಾಕೆ ಮುಚ್ಚಿಡಬೇಕು.

ಇಷ್ಟೇ ಆಗಿದ್ದರೆ ಎಂದೋ ಬಾಯಿಬಿಟ್ಟುಬಿಡುತ್ತಿದ್ದರೇನೋ. ಆದರೆ ಹೆಂಡತಿ ಅರಳತೊಡಗಿದ್ದಳು. ಕೆನ್ನೆ ತುಂಬಿಕೊಂಡಿದೆ ಎಂದಳು. ಅಂಗಿಯ ಕಾಲರಿನೊಳಗೆ ಈಗ ಕತ್ತು ಇದೆ ಎಂದಳು. ಕನ್ನಡಕದಂಗಡಿಯವನನ್ನು ಕರೆದು, ನೋಡಿ, ನಮ್ಮೆಜಮಾನ್ರು ಮತ್ತೆ ಮೊದಲಿನ ಹಾಗಾದ್ರು, ತಿಂದದ್ದು ಮೈಗೆ ಹತ್ತುತ್ತಿದೆ, ಎಂದು ಸಾಕ್ಷಿ ಹಾಕಿಸಿಕೊಂಡಳು. ಕಾಜ ಹಾಕುವಾಗ ಗುನುಗುವುದನ್ನು ಎಂಟು ತಿಂಗಳ ಹಿಂದೆ ಬಿಟ್ಟವಳು ಮತ್ತೆ ಗುನುಗತೊಡಗಿದಳು. ಶ್ರುತಿಗೂ ಅವಳಿಗೂ ಎಣ್ಣೆ ಸೀಗೆಕಾಯಿ, ಆದರೂ ಮಾಸ್ಟರ್ ಮಿಷನ್ ನಿಲ್ಲಿಸಿ ಕೇಳುತ್ತಿದ್ದರು. ಈ ಕೆನ್ನೆ, ಈ ಕತ್ತು ಎಲ್ಲ ನೀರು ಕಣೇ, ಎಂದು ಅವಳಿಗೆ ಹೇಗೆ ಹೇಳುವುದು? ತಲೆದಿಂಬು ಒಂದಿದ್ದದ್ದು ಮೂರಾದಾಗ ಬೆನ್ನುನೋವೆಂದರು, ಒಪ್ಪಿಕೊಂಡಳು. ಅದರ ಮೇಲೆ ಕಳೆದ ಹತ್ತು ದಿನದಿಂದ ಒಂದು ಪವಾಡವೇ ನಡೆದಿತ್ತು. ಮತ್ತೆ ಬಿಗಿಯಾಗುತ್ತ ಬಂದಿದ್ದ ಅದೇ ಬೂದು ಪ್ಯಾಂಟಿನ ಸೊಂಟ ಒಂದು ಬೆಳಗ್ಗೆ ಸಲೀಸಾಗಿ ಕೂತಿತು, ಗುಂಡಿ ತಾನಾಗಿಯೇ ಕಾಜಕ್ಕೆ ಬಿತ್ತು. ನೀರು ಇಳಿಯಿತು! ಮಾತ್ರೆಯ ಹಂಗಿಲ್ಲದೆ, ತಂತಾನೇ! ಮೆಟ್ಟಿಲು ಹತ್ತುವಾಗ ಉಸಿರು ಸಿಕ್ಕಿಕೊಳ್ಳುವುದಕ್ಕೂ ಸಲೀಸಾದ ಸೊಂಟಕ್ಕೂ ತಾಳೆಯಾಗುವುದಿಲ್ಲ ಎನ್ನುವುದನ್ನು ಮಾಸ್ಟರ್ ಯೋಚಿಸಲು ಹೋಗಲಿಲ್ಲ. ಬೆಳಗಿನ ಬಸ್ಸಿನಲ್ಲಿ ಬಿಸಿಲು ಅಷ್ಟು ಹಿತವಾಗಿದ್ದದ್ದು ಅದಕ್ಕೇ.

ನರ್ಸಮ್ಮನ ಕೋಣೆಯಲ್ಲಿ ಒಂದು ಮೇಜು, ಒಂದು ಹಸಿರು ಪರದೆ, ಮೂಲೆಯಲ್ಲಿ ತೂಕದ ಯಂತ್ರ. ಮಾಸ್ಟರ್ ಹತ್ತಿ ನಿಂತರು. ನರ್ಸಮ್ಮ ಬಗ್ಗಿ ನೋಡಿದಳು, ಇಳಿಸಿ ಮತ್ತೆ ಹತ್ತಿಸಿದಳು. ಎರಡು ತಿಂಗಳ ಹಿಂದೆ ಬಂದಾಗ ಇದ್ದದ್ದಕ್ಕಿಂತ ಐದೂವರೆ ಕಿಲೋ ಹೆಚ್ಚು. ಅವಳ ಹುಬ್ಬು ಗಂಟಿಕ್ಕಿತು. ಹೆಂಡತಿ ಮಾತ್ರ ಪರೀಕ್ಷೆಯಲ್ಲಿ ಪಾಸಾದ ಮಗುವಿನ ತಾಯಿಯ ಗತ್ತಿನಲ್ಲಿ, ಊಟ ಚೆನ್ನಾಗಿ ಸೇರ್ತಿದೆ ಸಿಸ್ಟರ್, ಅದಕ್ಕೆ, ಎಂದಳು. ಉಸಿರು ಹೇಗಿದೆ? ಚೆನ್ನಾಗಿದೆ. ಮಾತ್ರೆ? ದಿನಾ ನನ್ನ ಕೈಯಾರೆ ಕೊಡ್ತೀನಿ. ಪ್ಯಾಂಟು ಬಿಗಿಯಾಗಿದೆಯಾ? ಇದಕ್ಕೂ ಅವಳದೇ ಉತ್ತರ: ಎದ್ದು ಬಂದು ಮಾಸ್ಟರ್ ಸೊಂಟದೊಳಗೆ ಎರಡು ಬೆರಳು ತೂರಿಸಿ ಆಡಿಸಿ ತೋರಿಸಿದಳು. ನರ್ಸಮ್ಮ ಬೆರಳನ್ನು ನೋಡಿದಳು, ಯಂತ್ರವನ್ನು ನೋಡಿದಳು. ಐದೂವರೆ ಕಿಲೋ ಏರಿದವರ ಪ್ಯಾಂಟು ಹೀಗೆ ಸಡಿಲ ಇರೋಕೆ ಸಾಧ್ಯವಿಲ್ಲ; ಈ ಯಂತ್ರ ಹೋದ ವಾರವಷ್ಟೇ ರಿಪೇರಿಗೆ ಹೋಗಿ ಬಂದಿದೆ, ಇದರದ್ದೇ ತಕರಾರು, ಎಂದು ತಾನೇ ತೀರ್ಮಾನಕ್ಕೆ ಬಂದು ಫೈಲಿನಲ್ಲಿ ತೂಕದ ಜಾಗ ಖಾಲಿ ಬಿಟ್ಟಳು. ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದರು. ಇಸಿಜಿ ತೆಗೆಯಬೇಕು, ಪರದೆಯ ಹಿಂದೆ ಹೋಗಿ ಈ ಗೌನು ಹಾಕಿಕೊಳ್ಳಿ, ಎಂದಳು. ಗೆದ್ದೆ ಎಂದುಕೊಂಡರು ಮಾಸ್ಟರ್. ಗೆದ್ದದ್ದು ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಪರದೆಯ ಹಿಂದೆ ಕಿಟಕಿಯ ಬೆಳಕು ಚೆನ್ನಾಗಿತ್ತು. ಪ್ಯಾಂಟು ಬಿಚ್ಚಿ, ಮಡಿಕೆ ಹಿಡಿದು ಕುರ್ಚಿಯ ಮೇಲೆ ಹಾಕಲು ಹೋದವರ ಕೈ ಹಿಂಬದಿಯ ಹೊಲಿಗೆಯ ಮೇಲೆ ನಿಂತಿತು. ತಿರುಗಿಸಿ ನೋಡಿದರು. ಮೊದಲಿನ ಹೊಲಿಗೆ ಬಿಚ್ಚಿದ ಸಣ್ಣ ಸಣ್ಣ ತೂತುಗಳ ಸಾಲು ಇತ್ತು, ಅದು ಗೊತ್ತಿದ್ದದ್ದೇ. ಅದರಿಂದ ಒಂದು ಬೆರಳು ಆಚೆಗೆ ತಾವು ಮಿಷನ್ ಹೊಡೆದ ಸಾಲು ಇರಬೇಕಿತ್ತು. ಇತ್ತು, ಆದರೆ ಅಲ್ಲೂ ಬರೀ ತೂತು. ದಾರವಿಲ್ಲ. ಅದಕ್ಕೂ ಇನ್ನೊಂದು ಬೆರಳು ಆಚೆಗೆ, ಮಾರ್ಜಿನ್ ಇನ್ನೇನು ಮುಗಿಯಿತು ಎನ್ನುವಲ್ಲಿ, ಬಿಸಿಲು ಕಾಣದೆ ಇನ್ನೂ ಹೊಸದಾಗಿಯೇ ಉಳಿದಿದ್ದ ಬಟ್ಟೆಯ ಮೇಲೆ, ಒಂದು ಕೈಹೊಲಿಗೆ. ಒತ್ತೊತ್ತಾಗಿ, ಸಮನಾಗಿ, ಎಲ್ಲ ಎಡಕ್ಕೆ ಚೂರು ವಾಲಿಕೊಂಡು. ಎಡಗೈಯಲ್ಲಿ ಸೂಜಿ ಹಿಡಿಯುವ ಹೆಂಡತಿಯ ಹೊಲಿಗೆ ಹಾಗೆ ವಾಲುತ್ತದೆ. ಮಾಸ್ಟರ್‌ಗೆ ಮೊದಲು ಅನ್ನಿಸಿದ್ದು, ಎಂಥ ಹೊಲಿಗೆ ಹಾಕಿದಾಳೆ ಮಾರಾಯ್ತಿ, ಎಂದು. ಆಮೇಲೆ ಅರ್ಥವಾಯಿತು. ನೀರು ಇಳಿದಿರಲಿಲ್ಲ. ಒಂದು ಹನಿಯೂ ಇಳಿದಿರಲಿಲ್ಲ. ಇವರು ಒಂದು ಬೆರಳು ಬಿಟ್ಟು ಅವಳಿಂದ ಮುಚ್ಚಿಟ್ಟರು. ಅವಳು ಇನ್ನೊಂದು ಬೆರಳು ಬಿಟ್ಟು ಇವರಿಗೆ ಹಿತ ಮಾಡಿದಳು. ಇನ್ನು ಬಿಡಲು ಬಟ್ಟೆಯೇ ಇರಲಿಲ್ಲ. ಈಗ ಸುಮ್ಮನೆ ಇಸಿಜಿ ತೆಗೆಸಿಕೊಂಡು ಮನೆಗೆ ಹೋದರೆ, ಇನ್ನೊಂದು ವಾರಕ್ಕೋ ಎರಡು ವಾರಕ್ಕೋ, ಈ ಗುನುಗುವ ಹೆಂಗಸಿನ ಎದುರಿಗೇ ತಾನು ಉಸಿರು ಸಿಗದೆ ಹೋಗುತ್ತೇನೆ. ಹೇಳಿದರೋ, ಅವಳ ಸಂತೋಷ ಇವತ್ತೇ ಹೋಗುತ್ತದೆ. ಗೌನು ಹಾಕಿಕೊಂಡರು. ಆಯಿತಾ ಮಾಸ್ಟರ್, ಎಂದು ನರ್ಸಮ್ಮ ಆಚೆಯಿಂದ ಕೇಳಿದಳು.

ಗೌನಿನಲ್ಲಿ, ಬರಿಗಾಲಲ್ಲಿ, ಪ್ಯಾಂಟನ್ನು ಕೈಯಲ್ಲಿ ಹಿಡಿದು ಮಾಸ್ಟರ್ ಹೊರಗೆ ಬಂದರು. ಅದನ್ನು ಒಳಮಗ್ಗುಲಾಗಿ ತಿರುಗಿಸಿ ನರ್ಸಮ್ಮನ ಮೇಜಿನ ಮೇಲೆ, ಫೈಲಿನ ಮೇಲೇ ಹರಡಿದರು.

"ಯಂತ್ರ ಸರಿಯಾಗೇ ಇದೆ ಸಿಸ್ಟರ್. ಇಲ್ನೋಡಿ, ಇದು ಮೊದಲಿನ ಹೊಲಿಗೆ. ಇದು ಬಿಗಿಯಾದಾಗ ನಾನು ಬಿಟ್ಟಿದ್ದು. ಇದು..." ಎಂದು ಮೂರನೆಯ ಸಾಲಿನ ಮೇಲೆ ಬೆರಳಿಟ್ಟು ಹೆಂಡತಿಯ ಕಡೆ ನೋಡಿದರು. ಅವಳ ಮುಖ ಬಿಳಿಚಿಕೊಂಡಿತ್ತು. "ಇದೂ ನಾನೇ."

"ಅಲ್ಲ ಸಿಸ್ಟರ್," ಎಂದಳು ಹೆಂಡತಿ. "ಅದು ನಂದು."

ನರ್ಸಮ್ಮ ಇಬ್ಬರನ್ನೂ ಒಂದು ಸುತ್ತು ನೋಡಿದಳು. ಬಗ್ಗಿ ಮಾಸ್ಟರ್ ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿ ತೆಗೆದಳು. ಅಲ್ಲೊಂದು ಗುಳಿ ಬಿತ್ತು, ಬಿದ್ದದ್ದು ಹಾಗೇ ಉಳಿಯಿತು. ಮೂವರೂ ಅದು ತುಂಬಿಕೊಳ್ಳುವುದನ್ನೇ ಕಾಯುತ್ತ ನಿಂತರು, ತುಂಬಿಕೊಳ್ಳಲಿಲ್ಲ. ಡಾಕ್ಟರಮ್ಮ ಬಂದರು. ಕತ್ತಿನ ನರ ನೋಡಿದರು, ಬೆನ್ನಿಗೆ ಸ್ಟೆತಾಸ್ಕೋಪಿಟ್ಟು ಕೇಳಿದರು, ಮಾತ್ರೆ ದಿನಾ ತಗೊಳ್ತೀರಾ ಎಂದು ಕೇಳಿದರು. ವಾರಕ್ಕೆ ಒಂದು, ಎಂದರು ಮಾಸ್ಟರ್, ನೆಲ ನೋಡುತ್ತ. ಯಾಕೆ? ಮೂರು ಜನ ಹೆಂಗಸರ ನಡುವೆ ತೊಡೆ ಮುಚ್ಚದ ಗೌನಿನಲ್ಲಿ ನಿಂತ ಮಾಸ್ಟರ್ ಅದರ ಅಂಚನ್ನು ಕೆಳಗೆಳೆದುಕೊಂಡರು. ಬೀಗದ ಕೈ ಕನ್ನಡಕದಂಗಡಿಯಲ್ಲಿರುತ್ತೆ, ಎಂದರು ಕೊನೆಗೆ. ಡಾಕ್ಟರಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಹೆಂಡತಿಗೆ ತಿಳಿಯಿತು. ಅವಳು ಒಂದು ಕ್ಷಣ ಕಣ್ಣು ಮುಚ್ಚಿ ತೆರೆದು, ಅಂಗಡಿ, ಟಾಯ್ಲೆಟ್ಟು, ಗಿರಾಕಿ, ತಂಬಿಗೆಯ ನೀರು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಬಿಡಿಸಿ ಹೇಳಿದಳು. ತಂಬಿಗೆಯ ನೀರು! ಅದೂ ಗೊತ್ತಿತ್ತೇ ಇವಳಿಗೆ, ಎಂದು ಮಾಸ್ಟರ್ ಕಿವಿ ಬಿಸಿಯಾಯಿತು. ಡಾಕ್ಟರಮ್ಮ ಬೈಯಲಿಲ್ಲ, ಬೆಳಗ್ಗೆಯೇ ತಗೋಬೇಕು ಅಂತೇನಿಲ್ಲ, ಅಂಗಡಿ ಮುಚ್ಚಿ ಊಟಕ್ಕೆ ಮನೆಗೆ ಬಂದ ಮೇಲೆ ತಗೊಳ್ಳಿ, ಮಧ್ಯಾಹ್ನ ಮನೆಯಲ್ಲೇ ಇರಿ, ಬಿಡಬೇಡಿ ಅಷ್ಟೇ, ಎಂದರು. ಇಷ್ಟೇ. ಒಂದು ಸಾಲಿನ ಮಾತು. ಅದನ್ನು ಕೇಳಿಕೊಳ್ಳಲಾರದೆ ಆರು ವಾರ ಕಳ್ಳತನ ಮಾಡಿದ್ದು ನೆನೆದು ಮಾಸ್ಟರ್‌ಗೆ ತಮ್ಮ ಮೇಲೇ ನಗು ಬಂತು. ಇವತ್ತು ರಕ್ತ ಪರೀಕ್ಷೆ, ನರಕ್ಕೆ ಇಂಜೆಕ್ಷನ್; ಸಂಜೆಯೊಳಗೆ ಸಾಕಷ್ಟು ನೀರು ಹೋದರೆ ಮನೆಗೆ, ಇಲ್ಲದಿದ್ದರೆ ಎರಡು ದಿನ ಇಲ್ಲೇ, ಎಂದು ಹೇಳಿ ಹೋದರು.

ವಾರ್ಡಿನಲ್ಲಿ ಮಂಚದ ತಲೆಯ ಕಡೆ ಎತ್ತರಿಸಿ ಕೂರಿಸಿದ್ದರು. ಹೆಂಡತಿ ಸ್ಟೂಲಿನ ಮೇಲೆ ಕೂತು ಪ್ಯಾಂಟನ್ನು ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು. ಅವಳು ಅಳುತ್ತಿರಲಿಲ್ಲ; ಅತ್ತಿದ್ದರೆ ಸಮಾಧಾನ ಮಾಡುವ ಕೆಲಸವಾದರೂ ಇರುತ್ತಿತ್ತು. ಯಾವಾಗ ಹೊಲಿದೆ, ಎಂದು ಕೇಳಿದರು. ನೀವು ದಾರ ತರೋಕೆ ಪೇಟೆಗೆ ಹೋದ ದಿನ, ಎಂದಳು. ನನ್ನ ಹೊಲಿಗೆ ಬಿಚ್ಚುವಾಗ ಗೊತ್ತಾಗಲಿಲ್ಲವೇ, ನಾನು ಮೊದಲೇ ಒಂದು ಸಲ ಲೂಸ್ ಮಾಡಿದ್ದೇನೆ ಅಂತ? ಅವಳು ಸೊಂಟದ ಗುಂಡಿಯನ್ನು ಉಗುರಿನಿಂದ ಕೆರೆಯುತ್ತ ಕೂತಳು.

"ಬಟ್ಟೆ ಮುಟ್ಟಿದ ತಕ್ಷಣ ಗೊತ್ತಾಯ್ತು," ಎಂದಳು ಆಮೇಲೆ, ತುಂಬ ಮೆಲ್ಲಗೆ. "ಯಾರಿಗಾದ್ರೂ ಒಂದು ತಿಂಗಳಲ್ಲಿ ಎರಡು ಬೆರಳು ಮೈ ಬರತ್ತಾ? ಗೊತ್ತಾಯ್ತು. ಆದ್ರೆ ಮೈಗೆ ಹತ್ತಿದೆ ಅಂದ್ಕೊಂಡ್ರೆ ನೀವು ಇರ್ತೀರ. ನೀರು ಅಂದ್ಕೊಂಡ್ರೆ..."

ಮಾಸ್ಟರ್ ಕೈ ಚಾಚಿದರು. ಸೂಜಿ ಚುಚ್ಚಿ ಪಟ್ಟಿ ಹಾಕಿದ್ದ ಕೈ, ಅವಳು ಹುಷಾರಾಗಿ ಬೆರಳನ್ನಷ್ಟೇ ಹಿಡಿದುಕೊಂಡಳು. ಗಂಡನಿಂದ ಹೆಂಡತಿ, ಹೆಂಡತಿಯಿಂದ ಗಂಡ ಮುಚ್ಚಿಟ್ಟು, ಒಬ್ಬರನ್ನೊಬ್ಬರು ಸಂತೋಷವಾಗಿಡಲು ಹೋಗಿ ಇನ್ನೇನು ಒಬ್ಬರನ್ನೊಬ್ಬರು ಕಳೆದುಕೊಳ್ಳುತ್ತಿದ್ದೆವು ಎಂದು ಮಾಸ್ಟರ್‌ಗೆ ಸ್ಪಷ್ಟವಾಗಿ ಅನ್ನಿಸಿತು. ಇನ್ನು ಮೇಲೆ ನಾನು ಎಲುಬಿನ ಗೂಡೇ ಕಣೇ, ಅದನ್ನೇ ನೋಡ್ಕೊಂಡಿರಬೇಕು, ಎಂದರು. ನೋಡ್ಕೊಂಡಿರ್ತೀನಿ, ಎಂದಳು ಅವಳು. ಸಾಯೋ ಮಾತಾಡೋಕೆ ಇದೇ ಹೊತ್ತು ಬೇಕಿತ್ತಾ ಎಂದು ಬೈದಳು ಕೂಡ. ಮಾಸ್ಟರ್ ಏನೋ ಉತ್ತರ ಕೊಡಲು ಬಾಯಿ ತೆರೆದರು, ಅಷ್ಟರಲ್ಲಿ ಇಂಜೆಕ್ಷನ್ ತನ್ನ ಕೆಲಸ ಶುರು ಮಾಡಿತು.

ಮಂಚದಲ್ಲೇ ಮೂತ್ರ ಮಾಡಲು ಕೊಟ್ಟಿದ್ದ ಬಾಟಲಿ ಬೇಡವೆಂದರು, ಟಾಯ್ಲೆಟ್ಟಿನವರೆಗೆ ನಡೆಯಬಲ್ಲೆ ಎಂದು ಹಟ ಹಿಡಿದರು. ನರ್ಸಮ್ಮ ಒಂದು ಅಳತೆಯ ಜಗ್ಗು ಕೊಟ್ಟು, ಒಂದು ಹನಿ ಚೆಲ್ಲಬೇಡಿ, ನನಗೆ ಎಷ್ಟು ಹೋಯಿತೆಂದು ಗೊತ್ತಾಗಬೇಕು, ಎಂದಳು. ಹೆಂಡತಿಯ ಭುಜ ಹಿಡಿದು ಪಡಸಾಲೆಯ ಉದ್ದಕ್ಕೂ ನಡೆದರು. ಬೆಂಚುಗಳ ಮೇಲೆ ಕೂತವರು ಗೌನಿನ ಮುದುಕನನ್ನೂ ಜಗ್ಗನ್ನೂ ನೋಡಿದರು, ನೋಡಲಿ. ಒಳಗೆ ಹೋಗಿ ಚಿಲಕ ಹಾಕಿಕೊಂಡು, ಬಿಳಿ ಟೈಲ್ಸಿನ ಗೋಡೆಗೆ ಒಂದು ಕೈಯೂರಿ, ಇನ್ನೊಂದರಲ್ಲಿ ಜಗ್ಗು ಹಿಡಿದು ನಿಂತರು. ಹರಿಯಿತು. ಎಷ್ಟು ದಿನದ್ದೋ, ಎಷ್ಟು ಮಾತಿನದ್ದೋ. ನಿಂತಿತು ಎನ್ನುವಷ್ಟರಲ್ಲಿ ಮತ್ತೆ ಶುರುವಾಯಿತು. ಯಾರೋ ಹೊರಗಿನಿಂದ ಬಾಗಿಲು ಅಲುಗಾಡಿಸಿದರು, ಇನ್ನೂ ಎಷ್ಟು ಹೊತ್ತಪ್ಪಾ ಎಂದು ಒಂದು ಗಂಡು ಧ್ವನಿ ಸಿಡುಕಿತು. ಮಾಸ್ಟರ್ ಮೈ ಬಿಗಿಯಿತು. ಆಗ ಹೆಂಡತಿಯ ಧ್ವನಿ, ಅಂಗಡಿಯಲ್ಲಿ ಗಿರಾಕಿಗೆ ನಾಳೆ ಬನ್ನಿ ಎನ್ನುವಾಗಿನ ಖಡಕ್ಕು ಧ್ವನಿ, ಇಡೀ ಪಡಸಾಲೆಗೆ ಕೇಳುವ ಹಾಗೆ ಹೇಳಿತು:

"ಒಳಗೆ ನಮ್ಮೆಜಮಾನ್ರು ಇದಾರೆ. ನೀರಿನ ಔಷಧಿ ಕೊಟ್ಟಿದಾರೆ, ನಿಧಾನ ಆಗತ್ತೆ. ಅರ್ಜೆಂಟಿದ್ರೆ ಕೆಳಗಿನ ಮಹಡಿಗೆ ಹೋಗಿ. ನಾನಂತೂ ಇಲ್ಲೇ ನಿಂತಿರ್ತೀನಿ."

ಹೆಜ್ಜೆಗಳು ದೂರ ಹೋದವು. ಮಾಸ್ಟರ್ ಅವಸರ ಮಾಡಲಿಲ್ಲ.